ಎದ್ದೇಳದ ಆಕಳೂ ಅಂಗಚಿಕಿತ್ಸೆಯ ವಿದ್ಯೆಯೂ

ಅಥಣಿ ತಾಲೂಕಿನ ತೆಲಸಂಗದಿಂದ ಒಬ್ಬ ತರುಣನು ನಮಗೊಂದು ಕಾಗದ ಬರೆದು, ಅದರೊಡನೆ ಒಂದು ಜಾಹೀರಾತಿನ ತುಣುಕನ್ನೂ ಕಳಿಸಿದ್ದಾನೆ. ಆರು ವಾರಗಳ ಕಾಲ ಮನೆಯಲ್ಲಿ ಕುಳಿತಲ್ಲಿಯೇ ಪಾಠ ಕೇಳಿದರೆ 'ಪಶು ಫಿಸಿಯೋಥೆರಪಿಸ್ಟ್' ಎಂಬ ಪ್ರಮಾಣಪತ್ರವು ಕೈಸೇರುವದೆಂದು ಆ ಜಾಹೀರಾತು ಸಾರುತ್ತದೆ. ಅದಕ್ಕೆ ಕಟ್ಟತಕ್ಕ ಹಣವಾದರೋ ಒಬ್ಬ ಸಾಧಾರಣ ಒಕ್ಕಲುಮಗನು ಹಾಲು ಕೊಡುವ ಎಮ್ಮೆಯೊಂದನ್ನು ಮಾರಿದಾಗ ಮಾತ್ರ ಹೊಂದಿಸಬಹುದಾದಷ್ಟು. ತರುಣನು ಪಿ.ಯು.ಸಿ. ವಿಜ್ಞಾನದಲ್ಲಿ ತೇರ್ಗಡೆಯಾದವನು. ಅವನು ನಮ್ಮನ್ನು ಕೇಳಿರುವದು ಇಷ್ಟೇ: ಈ ಹಣವನ್ನು ಕಟ್ಟಲೋ ಬೇಡವೋ? ಬೇಡವಾದರೆ, ಈ ವಿದ್ಯೆಯನ್ನು ಸರಿಯಾಗಿ ಕಲಿತು, ನಾಲ್ಕು ಜನರ ಮುಂದೆ ತಲೆಯೆತ್ತಿ ಮಾಡುವ ದಾರಿ ಯಾವುದು?

ಇಂಥ ಕಾಗದಗಳಿಗೆ ಎರಡು ಸಾಲು ಉತ್ತರ ಬರೆದು ಸುಮ್ಮನಾಗುವದು ಪತ್ರಿಕೆಯವರಿಗೆ ಸುಲಭ. ಆದರೆ ಅವನು ಕೊನೆಯಲ್ಲಿ ಬರೆದ ಮಾತು ನಮ್ಮನ್ನು ಸುಮ್ಮನಿರಗೊಡಲಿಲ್ಲ. ಹೋದ ಮಾಘಮಾಸದಲ್ಲಿ ಅವರ ಮನೆಯ ಆಕಳು ಈದ ಮರುದಿನವೇ ನೆಲ ಹಿಡಿದು, ಒಂಬತ್ತನೆಯ ದಿನ ಸತ್ತುಹೋಯಿತಂತೆ. "ಅದು ಬೇನೆಯಿಂದ ಸತ್ತಿತೋ, ನಮ್ಮ ಅಜ್ಞಾನದಿಂದ ಸತ್ತಿತೋ ಎಂಬುದು ನನಗೆ ತಿಳಿಯಬೇಕಾಗಿದೆ" ಎಂದು ಅವನು ಬರೆದಿದ್ದನು. ನಾವು ಆ ಊರಿಗೆ ಹೋಗಿಬಂದೆವು.

ತೆಲಸಂಗವು ಅಥಣಿಯಿಂದ ವಿಜಯಪುರದತ್ತ ಹೋಗುವ ಸೀಮೆಯಲ್ಲಿರುವ ದೊಡ್ಡ ಹಳ್ಳಿ. ಕೃಷ್ಣೆಯ ದಂಡೆಯ ಊರುಗಳಲ್ಲಿ ಕಬ್ಬು ಕಣ್ಣು ಹಾಯುವವರೆಗೂ ನಿಂತಿದ್ದರೆ, ಈ ಭಾಗದ ಒಣಭೂಮಿಯಲ್ಲಿ ಮಳೆಯ ಹಾದಿ ಕಾಯುವ ಹೊಲಗಳೇ ಹೆಚ್ಚು. ಇಂಥಲ್ಲಿ ಹೈನು ಎಂದರೆ ಮನೆಯ ಉಪ್ಪು-ಎಣ್ಣೆಯ ಖರ್ಚು. ತರುಣನ ತಾಯಿಯು ನಮ್ಮನ್ನು ದನದ ಮನೆಗೆ ಕರೆದುಕೊಂಡುಹೋಗಿ ಆ ಆಕಳು ಮಲಗಿದ್ದ ಸ್ಥಳವನ್ನು ತೋರಿಸಿದರು. ಕಲ್ಲು ಹಾಸಿದ ನೆಲ. ಮೇಲೆ ಒಂದು ತೆಳುವಾದ ಕಣಕಿಯ ಪದರು.

"ಡಾಕ್ಟರ್ ಸಾಹೇಬ್ರು ಬಂದ್ರು, ಸೂಜಿ ಹಾಕಿದ್ರು. ಆಕಳ ಕಣ್ಣ ತಗದು, ಕಿವಿ ಎತ್ತಿ, ಮೇವಿಗೂ ಬಾಯಿ ಹಾಕಿತ್ರಿ. ಆದ್ರ ಕಾಲ ಮಾತ್ರ ಎತ್ತಲಿಲ್ಲ ನೋಡ್ರಿ" ಎಂದರು ಆ ತಾಯಿ.

ಈ ಮೂರು ಮಾತುಗಳಲ್ಲಿ ರೋಗದ ಇತಿಹಾಸವೆಲ್ಲ ಅಡಗಿದೆ. ಹೆಚ್ಚು ಹಾಲು ಕರೆಯುವ ಮಿಶ್ರತಳಿಯ ಆಕಳುಗಳಿಗೆ ಈದ ಒಂದೆರಡು ದಿನಗಳಲ್ಲಿ ರಕ್ತದೊಳಗಿನ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಹಾಲಿನೊಡನೆ ಹರಿದುಹೋಗಿ ಒಮ್ಮೆಲೇ ಇಳಿದುಬಿಡುತ್ತದೆ. ದನವು ಕುಸಿದು, ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ, ಮಂಕಾಗಿ ಮಲಗುತ್ತದೆ. ಇದಕ್ಕೆ ಹಾಲುಜ್ವರವೆಂದು ಹೆಸರಿದ್ದರೂ ಜ್ವರವೇನೂ ಇರುವದಿಲ್ಲ. ಮೈ ತಣ್ಣಗೇ ಆಗಿರುತ್ತದೆ. ಕ್ಯಾಲ್ಸಿಯಂ ಔಷಧವನ್ನು ರಕ್ತನಾಳದೊಳಗೆ ನಿಧಾನವಾಗಿ ಏರಿಸಿದರೆ ಅನೇಕ ದನಗಳು ಅಲ್ಪಕಾಲದಲ್ಲಿಯೇ ಎದ್ದು ನಿಲ್ಲುವವು. ವೈದ್ಯರು ಮಾಡಿದ್ದೂ ಅದನ್ನೇ, ಸರಿಯಾಗಿಯೇ ಮಾಡಿದರು. ಆದರೆ ಅವರು ಬರುವ ಮೊದಲು ಆ ಆಕಳು ಒಂದು ಇಡೀ ರಾತ್ರಿಯನ್ನೂ ಮರುದಿನದ ಬಹುಭಾಗವನ್ನೂ ಅದೇ ಕಲ್ಲುನೆಲದ ಮೇಲೆ, ಅದೇ ಎಡಮಗ್ಗುಲಿನ ಮೇಲೆ ಕಳೆದಿತ್ತು. ನಾಲ್ಕುನೂರು ಕಿಲೋ ತೂಗುವ ದೇಹದ ಭಾರವು ಕೆಳಗೆ ಸಿಕ್ಕ ಹಿಂಗಾಲಿನ ಮಾಂಸಖಂಡವನ್ನು ಹಿಂಡುತ್ತಿರುವಾಗ ಅಲ್ಲಿಗೆ ರಕ್ತ ಹರಿಯದು. ಆರು ತಾಸು ದಾಟಿತೆಂದರೆ ಖಂಡವು ಸಾಯತೊಡಗುತ್ತದೆ. ಅದರ ನಡುವೆ ಹಾದುಹೋಗುವ ನರಗಳು ನಜ್ಜಾಗುತ್ತವೆ. ಆಮೇಲೆ ಸುಣ್ಣದಂಶವು ಎಷ್ಟು ತುಂಬಿ ಬಂದರೂ ಏಳಬೇಕಾದ ಕಾಲೇ ಕೆಟ್ಟುಹೋಗಿರುತ್ತದೆ. ಮೊದಲ ಬೇನೆ ವಾಸಿಯಾಗಿದ್ದರೂ ಮಲಗಿದ್ದರಿಂದಲೇ ಹುಟ್ಟಿದ ಎರಡನೆಯ ಬೇನೆ ಆ ಆಕಳನ್ನು ಕೊಂದಿತು.

ಮುಂದಿನ ದಿನಗಳಲ್ಲಿ ನಡೆದ ಉಪಚಾರವನ್ನೂ ಕೇಳಿದೆವು. ಆರು ಮಂದಿ ಗಟ್ಟಿಗರು ಹೊಟ್ಟೆಯ ಕೆಳಗೆ ಬಿದಿರುಗಳ ತೂರಿಸಿ ಎತ್ತಿದರು. ಕೈ ಬಿಟ್ಟೊಡನೆ ಆಕಳು ಹಿಂಗಾಲು ಅಗಲಿಸಿ ಧೊಪ್ಪನೆ ಬಿದ್ದಿತು. ನಾಲ್ಕನೆಯ ದಿನ ಯಾರೋ ಹಿರಿಯರು ಕುಡಗೋಲು ಕಾಯಿಸಿ ತೊಡೆಗೆ ಬರೆಯೆಳೆದರು. ಆರನೆಯ ದಿನ ತೊಡೆಯ ಕೆಳಗೆ ಒತ್ತುಹುಣ್ಣು. ಆ ಹೊತ್ತಿಗೆ ಮೇವು ಬಿಟ್ಟಿತ್ತು. ಈ ಎಲ್ಲ ಮಂದಿಯೂ ಆಕಳು ಬದುಕಲೆಂದೇ ಬಂದವರು, ರಾತ್ರಿ ನಿದ್ದೆಗೆಟ್ಟವರು. ಅವರ ಪ್ರೀತಿಗೆ ಕೊರತೆಯಿರಲಿಲ್ಲ. ಏನು ಮಾಡಬೇಕೆಂದು ಹೇಳುವವರಿರಲಿಲ್ಲ.

ಹೇಳುವವರಿದ್ದರೆ ಏನು ಹೇಳುತ್ತಿದ್ದರು? ಮೊದಲನೆಯದಾಗಿ ಕಲ್ಲುನೆಲದಿಂದ ದನವನ್ನು ತಟ್ಟಿನ ಮೇಲೆ ಎಳೆದು, ಮೊಳ ದಪ್ಪ ಉಸುಕಿನ ಹಾಸಿಗೆಗೆ ತರಿಸುತ್ತಿದ್ದರು. ಉಸುಕು ಮೆತ್ತಗೂ ಇರುತ್ತದೆ, ಎದ್ದೇಳುವಾಗ ಗೊರಸಿಗೆ ಹಿಡಿತವೂ ಸಿಗುತ್ತದೆ. ಮೂರು ತಾಸಿಗೊಮ್ಮೆ, ರಾತ್ರಿಯಲ್ಲಿಯೂ, ಮಗ್ಗುಲು ಬದಲಿಸಲು ಹಚ್ಚುತ್ತಿದ್ದರು. ಹಿಂಗಾಲುಗಳೆರಡನ್ನೂ ಗೊರಸಿನ ಮೇಲ್ಭಾಗದಲ್ಲಿ ಮೆತ್ತನೆಯ ಪಟ್ಟಿಯಿಂದ, ನಡುವೆ ಅಂತರವಿಟ್ಟು, ಜೋಡಿಸಿ ಕಟ್ಟಿ, ಅವು ಅಗಲಿ ತೊಡೆಸಂದು ಹರಿಯದಂತೆ ನೋಡಿಕೊಳ್ಳುತ್ತಿದ್ದರು. ಕಾಲುಗಳನ್ನು ಗೊರಸಿನಿಂದ ತೊಡೆಯ ಕಡೆಗೆ ತಿಕ್ಕಿ, ಪ್ರತಿಯೊಂದು ಕೀಲನ್ನು ಮಡಿಸಿ ಚಾಚಿ, ರಕ್ತಸಂಚಾರವನ್ನು ನಡೆಯಿಸುತ್ತಿದ್ದರು. ಅಗಲವಾದ ಜೋಲಿಯಲ್ಲಿ ದಿನಕ್ಕೆ ಕೆಲವು ಸಾರೆ, ಸ್ವಲ್ಪ ಸ್ವಲ್ಪ ಹೊತ್ತು ಮಾತ್ರ ಎತ್ತಿ ನಿಲ್ಲಿಸಿ, ಕಾಲು ತಾನಾಗಿ ಭಾರ ಹೊರುವದೋ ಎಂದು ಪರೀಕ್ಷಿಸುತ್ತಿದ್ದರು. ಭಾರ ಹೊರದ ದನವನ್ನು ಜೋಲಿಯಲ್ಲಿ ತೂಗಹಾಕಿ ಬಿಡುವದು ಇನ್ನೊಂದು ಹಿಂಸೆಯೆಂದು ಎಚ್ಚರಿಸುತ್ತಿದ್ದರು. ಇಷ್ಟೆಲ್ಲವನ್ನು ಮಾಡಿದರೂ ಬಿದ್ದ ದನಗಳೆಲ್ಲ ಏಳುವವೆಂದು ಯಾವ ಬಲ್ಲವನೂ ಹೇಳಲಾರನು. ಮಾಡದಿದ್ದರೆ ಏಳಬಹುದಾದವೂ ಏಳುವದಿಲ್ಲವೆಂಬುದು ಮಾತ್ರ ನಿಶ್ಚಯ.

ಇದಕ್ಕೆಯೇ ಈಗ ಪಶು ಫಿಸಿಯೋಥೆರಪಿ ಎನ್ನುತ್ತಾರೆ. ನಾವು ಇಲ್ಲಿ ಅಂಗಚಿಕಿತ್ಸೆ ಎಂದು ಕರೆಯುವೆವು. ಔಷಧವೂ ಶಸ್ತ್ರವೂ ತಮ್ಮ ಕೆಲಸ ಮುಗಿಸಿದ ಮೇಲೆ, ಅಥವಾ ಅವುಗಳ ಜೊತೆಜೊತೆಗೆ, ಶಾಖ, ತಂಪು, ಮರ್ದನ, ಕೀಲುಗಳ ಚಲನೆ, ನೀರಿನೊಳಗಿನ ನಡಿಗೆ, ವಿದ್ಯುತ್ ಪ್ರವಾಹ ಮುಂತಾದ ಭೌತಿಕ ಸಾಧನಗಳಿಂದ ಅಂಗಕ್ಕೆ ಅದರ ಕೆಲಸವನ್ನು ಮರಳಿ ಕಲಿಸುವ ವಿದ್ಯೆ ಇದು. ಪಟ್ಟಣಗಳಲ್ಲಿ ಸಾಕುನಾಯಿಗಳಿಗೆ, ಜೂಜಿನ ಕುದುರೆಗಳಿಗೆ ಇದು ದೊರೆಯತೊಡಗಿದೆ. ನಾಯಿಯ ಸೊಂಟ ಹಿಡಿದರೆ ನೀರಿನ ತೊಟ್ಟಿಯಲ್ಲಿ ನಡೆಯಿಸುವ ಯಂತ್ರಗಳುಂಟು. ನಾಯಿಯ ಭಾಗ್ಯಕ್ಕೆ ನಾವು ಕರುಬುವದಿಲ್ಲ. ಆದರೆ ಅಂಗಬಲದಿಂದಲೇ ಮನುಷ್ಯನಿಗೆ ಅನ್ನ ಹಾಕುವ ಪ್ರಾಣಿಗೆ ಅಂಗಚಿಕಿತ್ಸೆಯಿಲ್ಲದಿರುವದು ವಿಚಿತ್ರವಲ್ಲವೇ?

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳ ಈ ಸೀಮೆಯು ಖಿಲಾರಿ ಎತ್ತಿನ ನಾಡು. ಬೆಳ್ಳಗಿನ ಮೈ, ಬಿಲ್ಲಿನಂತೆ ಹಿಂದಕ್ಕೆ ಬಾಗಿದ ಕೊಂಬು, ಕುದುರೆಯ ಚುರುಕು. ಹಾಲಿನ ಲೆಕ್ಕದಲ್ಲಿ ಬಡತಳಿ, ನಡಿಗೆಯ ಲೆಕ್ಕದಲ್ಲಿ ಅರಸುತಳಿ. ಎರೆಭೂಮಿಯ ಆಳವಾದ ಉಳುಮೆಗೆ ಹೆಸರಾಗಿದ್ದ ಕೃಷ್ಣಾಕಣಿವೆಯ ಭಾರೀ ಎತ್ತು ಇದೇ ಪ್ರಾಂತದ್ದು. ಅದು ಈಗ ಹುಡುಕಿದರೆ ಸಿಗುವಷ್ಟು ವಿರಳವಾಗಿದೆ. ಟ್ರ್ಯಾಕ್ಟರು ಬಂದಿತು, ಎತ್ತಿನ ಕಾಲ ಮುಗಿಯಿತೆಂದು ಪಟ್ಟಣದ ಸುಶಿಕ್ಷಿತರು ಭಾವಿಸುವರು. ಅವರು ಕಬ್ಬು ನುರಿಸುವ ಹಂಗಾಮಿನಲ್ಲಿ ಒಮ್ಮೆ ಉಗಾರದ ಹಾದಿಯಲ್ಲಿ ನಿಲ್ಲತಕ್ಕದ್ದು. ಕಾರಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲಿನೊಡನೆ ಎತ್ತಿನ ಬಂಡಿಗಳೂ ಬಂದು ನಿಲ್ಲುತ್ತವೆ.

ಈ ಬಂಡಿಯ ಭಾರದ ವಿಷಯದಲ್ಲಿ ಕಾನೂನು ಮೌನವಾಗಿಲ್ಲವೆಂಬುದು ಬಹುಜನರಿಗೆ ತಿಳಿಯದು. ಭಾರ ಎಳೆಯುವ ಹಾಗೂ ಹೊರುವ ಪ್ರಾಣಿಗಳನ್ನು ಕುರಿತ 1965ರ ನಿಯಮಗಳಂತೆ, 350 ಕಿಲೋಕ್ಕಿಂತ ಹೆಚ್ಚು ತೂಗುವ ದೊಡ್ಡ ಎತ್ತಿನ ಜೋಡಿಯೂ ಎರಡು ಗಾಲಿಯ ಬಂಡಿಯಲ್ಲಿ, ಬಾಲ್‌ಬೇರಿಂಗು ಇದ್ದರೆ 1800 ಕಿಲೋ, ಬರೀ ಗಾಳಿಟಾಯರಿದ್ದರೆ 1350 ಕಿಲೋ, ಅದೂ ಇಲ್ಲದಿದ್ದರೆ 900 ಕಿಲೋ, ಇದಕ್ಕಿಂತ ಹೆಚ್ಚು ಎಳೆಯಕೂಡದು. ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ ಐದು ತಾಸಿಗಿಂತ ಹೆಚ್ಚು ದುಡಿಸಕೂಡದು. ಬಿಸಿಲು 37 ಡಿಗ್ರಿ ದಾಟಿದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರ ವರೆಗೆ ಹೂಡಲೇಕೂಡದು. ರಸ್ತೆಯಲ್ಲಿ ನಿಂತು ಕಣ್ಣಳತೆಯಿಂದ ನೋಡಿದವನಿಗೂ ಈ ನಿಯಮಗಳು ಎಷ್ಟರಮಟ್ಟಿಗೆ ನಡೆಯುತ್ತಿವೆ ಎಂಬುದು ಗೊತ್ತಾಗುತ್ತದೆ. ಬಂಡಿ ಹೊಡೆಯುವವನನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಅವನು ತೂಕಕ್ಕೆ ತಕ್ಕ ಬಾಡಿಗೆ ಪಡೆಯುವವನು, ಮುಂಗಡ ಹಣದ ಋಣ ಹೊತ್ತವನು. ಅವನೂ ಎತ್ತೂ ಒಂದೇ ನೊಗದಲ್ಲಿದ್ದಾರೆ.

ಆ ನೊಗದ ಕೆಳಗೆ ಏನಾಗುತ್ತದೆ? ಮೊದಲು ಹೆಗಲು ಬಾಯುತ್ತದೆ. ಅದನ್ನು ಲೆಕ್ಕಿಸದೆ ಹೂಡಿದರೆ ಬಾವು ಗಟ್ಟಿಯಾಗಿ, ಚರ್ಮ ಸುಲಿದು, ಹುಣ್ಣಾಗುತ್ತದೆ. ಕೆಲವು ಎತ್ತುಗಳಲ್ಲಿ ಭುಜದ ನರವು ಜಜ್ಜಿಹೋಗಿ, ಹೆಗಲಿನ ಮಾಂಸವೇ ಬತ್ತಿ, ಎಲುಬಿನ ಏಣು ಹೊರಗೆ ಕಾಣುತ್ತದೆ. ಇನ್ನು ಕೆಲವಕ್ಕೆ ಹಿಂಗಾಲಿನ ಮಂಡಿಯ ಚಿಪ್ಪು ತನ್ನ ಸ್ಥಾನಕ್ಕಿಂತ ಮೇಲೆ ಸಿಕ್ಕಿಕೊಂಡು, ಕಾಲು ಕಟ್ಟಿಗೆಯಂತೆ ಹಿಂದಕ್ಕೆ ಸೆಟೆದು, ಎತ್ತು ಗೊರಸನ್ನು ನೆಲಕ್ಕೆ ಉಜ್ಜುತ್ತ ನಡೆಯುತ್ತದೆ. ಒಮ್ಮೊಮ್ಮೆ ಝಟಕ್ಕನೆ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಈ ಕೊನೆಯದಕ್ಕೆ ತಿಕ್ಕುವದರಿಂದ ಗುಣವಿಲ್ಲ. ಪಶುವೈದ್ಯನು ಒಂದು ಸಣ್ಣ ಸ್ನಾಯುಪಟ್ಟಿಯನ್ನು ಕತ್ತರಿಸಿದರೆ ಬಹುಪಾಲು ಎತ್ತುಗಳು ಅಂದೇ ನೆಟ್ಟಗೆ ನಡೆಯುವವು. ಯಾವುದಕ್ಕೆ ಶಸ್ತ್ರ, ಯಾವುದಕ್ಕೆ ಶಾಖ, ಯಾವುದಕ್ಕೆ ಬರೇ ವಿಶ್ರಾಂತಿ ಎಂಬುದನ್ನು ವಿಂಗಡಿಸುವದರಲ್ಲಿಯೇ ವಿದ್ಯೆಯ ಅರ್ಧಾಂಶವಿದೆ. ಹೊಸ ಬಾವಿಗೆ ಮೊದಲ ಒಂದೆರಡು ದಿನ ತಂಪು ಬೇಕು, ಆಮೇಲೆ ಶಾಖ. ನಮ್ಮ ಹಳ್ಳಿಗಳಲ್ಲಿ ಮೊದಲನೆಯ ದಿನವೇ ಕಾಯ್ದ ಕಬ್ಬಿಣ ಬರುತ್ತದೆ.

ಶರ್ಯತ್ತಿನ ಎತ್ತುಗಳ ಮಾತೂ ಇಲ್ಲಿ ಬರತಕ್ಕದ್ದೇ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ನಿಂತಿದ್ದ ಬಂಡಿಯ ಓಟಗಳು, ಕರ್ನಾಟಕವು 2017ರಲ್ಲಿ ಮಾಡಿಕೊಂಡ ತಿದ್ದುಪಡಿಯ ಬಲದಿಂದ ಮರಳಿ ಬಂದವು. ಆ ತಿದ್ದುಪಡಿಯನ್ನು ಅದೇ ನ್ಯಾಯಾಲಯವು 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಓಟ ಬೇಕೋ ಬೇಡವೋ ಎಂಬ ವಾದವನ್ನು ನಾವು ಇಂದು ಎತ್ತುವದಿಲ್ಲ. ಕಾನೂನು ಒಪ್ಪಿದೆ, ಜೊತೆಗೆ ಪ್ರಾಣಿಗೆ ನೋವಾಗದಂತೆ ನಡೆಯಿಸಬೇಕೆಂದು ಕಟ್ಟುಹಾಕಿದೆ. ಹಾಗಿದ್ದ ಮೇಲೆ, ಲಕ್ಷಗಟ್ಟಲೆ ಬೆಲೆ ಬಾಳುವ ಎತ್ತನ್ನು ಓಡಿಸುವ ಗೃಹಸ್ಥರು, ಓಟಗಾರನಾದ ಮನುಷ್ಯನಿಗೆ ಇರುವಂಥ ಒಬ್ಬ ಅಂಗಚಿಕಿತ್ಸಕನನ್ನು ಆ ಎತ್ತಿಗೂ ಇಡಬೇಡವೇ? ಓಟದ ಮುನ್ನ ಮೈ ಕಾಯಿಸುವದು, ಓಟದ ನಂತರ ನಡೆಯಿಸಿ ತಂಪಾಗಿಸುವದು, ಊದಿದ ಸ್ನಾಯುವಿನ ಮೇಲೆ ಮರುವಾರವೇ ಓಡಿಸದಿರುವದು, ಇಷ್ಟನ್ನು ಹೇಳುವ ಒಬ್ಬನಿದ್ದರೆ ಬಹುಮಾನದ ಪಟ್ಟಿಗಿಂತ ಹೆಚ್ಚು ಲಾಭ.

ಈಗ ತರುಣನ ಪ್ರಶ್ನೆಗೆ ಬರೋಣ. ಭರತಖಂಡದಲ್ಲಿ ಪಶು ಅಂಗಚಿಕಿತ್ಸಕನೆಂಬ ಪ್ರತ್ಯೇಕವಾದ, ಕಾನೂನಿನ ಮುದ್ರೆ ಬಿದ್ದ ಅರ್ಹತೆಯು ಇಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯದೆಯಂತೆ, ನೋಂದಾಯಿತ ಪಶುವೈದ್ಯನ ಹೊರತು ಮತ್ತಾರೂ ಪಶುವೈದ್ಯವೃತ್ತಿಯನ್ನು ನಡೆಯಿಸುವಂತಿಲ್ಲ. ಪಶುಪಾಲನೆಯ ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಹಾಯಕರಿಗೆ, ನೋಂದಾಯಿತ ವೈದ್ಯನ ಮೇಲ್ವಿಚಾರಣೆಯಲ್ಲಿ, ರಾಜ್ಯ ಸರಕಾರವು ಆಜ್ಞೆಯಿಂದ ಒಪ್ಪಿಸಿದ ಸಣ್ಣ ಸೇವೆಗಳನ್ನು ಮಾತ್ರ ಮಾಡಲು ಅದೇ ಕಾಯದೆ ಅವಕಾಶ ಕೊಡುತ್ತದೆ. ಅತ್ತ ಮನುಷ್ಯರ ಫಿಸಿಯೋಥೆರಪಿಯು 2021ರ ಕಾಯದೆಯಿಂದ ಒಂದು ರಾಷ್ಟ್ರೀಯ ಆಯೋಗದ ಆಳಿಕೆಗೆ ಬಂದಿದೆ. ಆದರೆ ಅದು ಮನುಷ್ಯರ ಆರೋಗ್ಯವನ್ನು ಕುರಿತದ್ದು. ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಫಿಸಿಯೋಥೆರಪಿ ವಿದ್ಯಾಲಯವಿದೆ. ಅಲ್ಲಿ ಕಲಿತ ಪದವೀಧರನ ಕೈಗೆ ಖಂಡ, ಕೀಲು, ನರಗಳ ಮರ್ಮ ತಿಳಿದಿರುತ್ತದೆ. ಎತ್ತಿನ ಹೆಗಲ ಮೇಲೆ ಆ ಕೈಯನ್ನು ಸ್ವತಂತ್ರವಾಗಿ ಇಡುವ ಅಧಿಕಾರವಿರುವದಿಲ್ಲ. ಪಶುವೈದ್ಯನಿಗೆ ಅಧಿಕಾರವಿದೆ, ಐದೂವರೆ ವರುಷದ ಅಭ್ಯಾಸದಲ್ಲಿ ಅಂಗಚಿಕಿತ್ಸೆಯು ಶಸ್ತ್ರಚಿಕಿತ್ಸೆಯ ಪಾಠದ ಒಂದು ಮೂಲೆಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಬಲ್ಲವನಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನಿಗೆ ಬಿಡುವಿಲ್ಲ, ಬಿಡುವಿದ್ದ ಹಳ್ಳಿಗನಿಗೆ ತಿಳಿವಳಿಕೆಯಿಲ್ಲ. ಈ ಮೂರರ ನಡುವೆ ಆಕಳು ಕಲ್ಲುನೆಲದ ಮೇಲೆ ಮಲಗಿದೆ.

ಆರು ವಾರದ ಪ್ರಮಾಣಪತ್ರವು ಈ ಸಂದಿಯಲ್ಲಿ ಹುಟ್ಟಿದ ಅಣಬೆ. ಅದರಲ್ಲಿ ಬರೆದ ವಿಷಯಗಳು ಸುಳ್ಳೆಂದು ನಾವು ಹೇಳುವದಿಲ್ಲ. ಕೆಲವು ಪಾಠಗಳು ಒಳ್ಳೆಯವೇ ಇರಬಹುದು. ಆದರೆ ದನವನ್ನು ಮುಟ್ಟದೆ ದನದ ಅಂಗಚಿಕಿತ್ಸೆಯನ್ನು ಕಲಿಯುವದೆಂದರೆ ಹಗ್ಗದ ಚಿತ್ರ ನೋಡಿ ಬಾವಿಯಿಂದ ನೀರು ಸೇದಿದಂತೆ. ಅದನ್ನು ಕಲಿತು ಬಂದವನು ಮೊದಲನೆಯ ಸಾರೆ ಎಲುಬು ಮುರಿದ ಕಾಲನ್ನು ಉಳುಕೆಂದು ತಿಳಿದು ತಿಕ್ಕಿದನೆಂದರೆ ಹೊಣೆ ಯಾರದು? ಪ್ರಮಾಣಪತ್ರ ಕೊಟ್ಟವರು ಆ ದಿನ ದೂರವಾಣಿಯನ್ನು ಎತ್ತಲಾರರು.

ಹೊರನಾಡುಗಳಲ್ಲಿ ಈ ವಿದ್ಯೆ ಹೇಗೆ ಬೆಳೆಯಿತೆಂಬುದನ್ನು ನೋಡಿದರೆ ನಮಗೆ ಕೆಲವು ಬೆಳಕು ದೊರೆಯುತ್ತದೆ. ಇಂಗ್ಲಂಡದಲ್ಲಿ ಮನುಷ್ಯರ ಅಂಗಚಿಕಿತ್ಸೆಯಲ್ಲಿ ಪಳಗಿದ ಚಾರ್ಲ್ಸ್ ಸ್ಟ್ರಾಂಗ್ ಎಂಬವರು ಅದೇ ಉಪಾಯಗಳನ್ನು ಕುದುರೆಗಳಿಗೆ ಅನ್ವಯಿಸಿ ಹೆಸರಾದರು. ಅವರಿಗೆ ಪ್ರೋತ್ಸಾಹ ಕೊಟ್ಟವರು ಮುಂದೆ ನಮ್ಮ ದೇಶದ ಕೊನೆಯ ವೈಸರಾಯರಾಗಿ ಬಂದ ಮೌಂಟಬ್ಯಾಟನ್ನರೇ. ಮನುಷ್ಯರ ಫಿಸಿಯೋಥೆರಪಿಯನ್ನು ಕಲಿತವರು ಪ್ರಾಣಿಗಳ ಕಡೆಗೆ ತಿರುಗಿ 1980ರ ದಶಕದಲ್ಲಿ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಅಲ್ಲಿ ಈಗ ಎರಡು ಹಾದಿಗಳುಂಟು: ಮೊದಲು ಮನುಷ್ಯರ ಫಿಸಿಯೋಥೆರಪಿಯಲ್ಲಿ ಪದವಿ ಪಡೆದು, ಅನುಭವ ಗಳಿಸಿ, ಅನಂತರ ಪ್ರಾಣಿಗಳ ವಿಷಯದಲ್ಲಿ ಸ್ನಾತಕೋತ್ತರ ಅಭ್ಯಾಸ ಮಾಡುವದು ಒಂದು, ನೇರವಾಗಿ ಪಶು ಅಂಗಚಿಕಿತ್ಸೆಯ ಪದವಿಗೇ ಸೇರುವದು ಇನ್ನೊಂದು. ಯಾವ ಹಾದಿಯಿಂದ ಬಂದರೂ, ಪಶುವೈದ್ಯನು ಪ್ರಾಣಿಯನ್ನು ಪರೀಕ್ಷಿಸಿ ಸೂಚಿಸಿದ ಹೊರತು ಅಂಗಚಿಕಿತ್ಸಕನು ಕೈ ಹಾಕುವಂತಿಲ್ಲವೆಂದು ಅಲ್ಲಿಯ ಕಾನೂನು ಕಟ್ಟುಮಾಡಿದೆ. ಅಷ್ಟಾಗಿಯೂ ಒಂದು ತೂತು ಉಳಿದಿದೆ: ಮನುಷ್ಯರ 'ಫಿಸಿಯೋಥೆರಪಿಸ್ಟ್' ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದ್ದರೂ 'ಪಶು ಫಿಸಿಯೋಥೆರಪಿಸ್ಟ್' ಎಂಬ ಹೆಸರಿಗೆ ಅಲ್ಲಿಯೂ ಇಲ್ಲ. ಆದಕಾರಣ ಅಲ್ಲಿಯ ಪ್ರಾಮಾಣಿಕರು ಸ್ವಯಂಪ್ರೇರಿತ ನೋಂದಣಿಪಟ್ಟಿಗಳನ್ನು ಇಟ್ಟುಕೊಂಡು, ಪಟ್ಟಿಯಲ್ಲಿಲ್ಲದವರಿಂದ ಜನರನ್ನು ಎಚ್ಚರಿಸಬೇಕಾಗಿದೆ. ಅಮೇರಿಕದಲ್ಲಿ 2010ರಿಂದ ಪ್ರಾಣಿಗಳ ಕ್ರೀಡಾವೈದ್ಯ ಮತ್ತು ಪುನಶ್ಚೇತನವು ಪಶುವೈದ್ಯರ ಒಂದು ವಿಶೇಷಶಾಖೆಯಾಗಿ ಮನ್ನಣೆ ಪಡೆದಿದೆ. ಆದರೆ ಈ ಎರಡೂ ದೇಶಗಳ ಪಠ್ಯಗಳು ಕುದುರೆ ಮತ್ತು ನಾಯಿಗಳ ಸುತ್ತಲೇ ಸುತ್ತುತ್ತವೆ. ನೊಗ ಹೊತ್ತ ಹೆಗಲಿನ ಶಾಸ್ತ್ರವನ್ನು ಬರೆಯಬೇಕಾದವರು ನಾವೇ, ನೊಗವಿರುವದು ನಮ್ಮಲ್ಲಿ.

ಕನ್ನಡಿಗರಿಗೆ ಈ ಕೆಲಸ ಹೊಸದಲ್ಲ. ಸುಮಾರು 1125ರ ಹೊತ್ತಿಗೆ, ಕಲ್ಯಾಣದ ಚಾಲುಕ್ಯ ಮನೆತನದ ಅರಸುಮಗನಾದ ಕೀರ್ತಿವರ್ಮನು ದನಗಳ ವೈದ್ಯವನ್ನು ಕುರಿತು 'ಗೋವೈದ್ಯ'ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಅರಮನೆಯಲ್ಲಿ ಹುಟ್ಟಿದವನು ದನದ ಬೇನೆಯನ್ನು ತನ್ನ ನುಡಿಯಲ್ಲಿ ಬರೆಯಲು ನಾಚಲಿಲ್ಲ. ಇಂದು ಪಶುವೈದ್ಯದ ಉಚ್ಚಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ರಾತ್ರಿ ಮೂರು ತಾಸಿಗೊಮ್ಮೆ ದನದ ಮಗ್ಗುಲು ಬದಲಿಸಬೇಕಾದ ಹೆಣ್ಣುಮಗಳಿಗೆ ಆ ಮಾತು ಮುಟ್ಟುವದೇ ಇಲ್ಲ.

ಹಿಂದಿನ ಕಾಲದಲ್ಲಿ ಈ ಭಾಗದವರ ಕಷ್ಟ ಇನ್ನೂ ಹೆಚ್ಚಿನದಿತ್ತು ಎಂಬುದನ್ನು ಒಪ್ಪಬೇಕು. ಬೆಳಗಾವಿ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದಾಗ ಪಶುವೈದ್ಯ ಕಲಿಯಬೇಕೆಂದವನು 1886ರಲ್ಲಿ ಸ್ಥಾಪಿತವಾದ ಮುಂಬಯಿಯ ವಿದ್ಯಾಲಯಕ್ಕೆ ಹೋಗಬೇಕಾಗಿತ್ತು. ಹೆಬ್ಬಾಳದ ವಿದ್ಯಾಲಯವು 1958ರಲ್ಲಿ ಹುಟ್ಟಿತು. ಬೀದರದಲ್ಲಿ 2004ರ ಕಾಯದೆಯಂತೆ ಪಶುವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಆ ಕಾಲದ ಪಶುವೈದ್ಯರ ಶಕ್ತಿಯೆಲ್ಲ ದೊಡ್ಡರೋಗದಂಥ ಸಾಂಕ್ರಾಮಿಕಗಳೊಡನೆ ಹೋರಾಡುವದರಲ್ಲಿ ವ್ಯಯವಾಯಿತು, ಅದು ನ್ಯಾಯವಾದದ್ದೂ ಹೌದು. ಆ ರೋಗವು 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಕೊಂದು ಹಾಕುವ ಬೇನೆಗಳನ್ನು ಗೆದ್ದ ಇಲಾಖೆಯು ಕುಂಟುವ ದನದ ಕಡೆಗೆ ನೋಡಲು ಈಗ ಅಡ್ಡಿಯೇನು?

ಅಥಣಿ ತಾಲೂಕಿನ ಕೊಕಟನೂರಿನಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆಂದು ಕಟ್ಟಡಗಳು ಎದ್ದು ನಿಂತಿವೆ. ತೆಲಸಂಗದ ಹುಡುಗನಿಗೆ ಮುಂಬಯಿಯ ದಾರಿ ಹೋಗಿ ಕೊಕಟನೂರಿನ ದಾರಿ ಬಂದಿದೆಯೆಂಬುದು ಸಂತೋಷದ ಮಾತು. ಖಿಲಾರಿಯ ಸೀಮೆಯ ನಡುವೆ ನಿಂತ ಈ ವಿದ್ಯಾಲಯವು ಬೇರೆ ಊರಿನ ಪಠ್ಯವನ್ನು ಹಾಗೆಯೇ ಉರು ಹೊಡೆಯುವದಾದರೆ ಅದನ್ನು ಇಲ್ಲಿ ಕಟ್ಟಿದ್ದರಿಂದ ಬಂದ ವಿಶೇಷವೇನು? ದುಡಿಯುವ ದನದ ಅಂಗಚಿಕಿತ್ಸೆಗೆ ಅಲ್ಲೊಂದು ವಿಭಾಗವನ್ನು ತೆರೆಯಬೇಕು. ಪಶುವೈದ್ಯ ಪದವೀಧರರಿಗೆ ಒಂದು ವರುಷದ ಡಿಪ್ಲೊಮಾ ಇರಲಿ. ಮನುಷ್ಯರ ಫಿಸಿಯೋಥೆರಪಿಯನ್ನು ಕಲಿತವರಿಗೂ ಪ್ರಾಣಿಗಳ ಶರೀರರಚನೆ, ರೋಗಲಕ್ಷಣ, ದನವನ್ನು ಹಿಡಿಯುವ ರೀತಿ ಮೊದಲಾದವುಗಳನ್ನು ಕಲಿಸಿ, ಪಶುವೈದ್ಯನ ಸೂಚನೆಯ ಮೇರೆಗೆ ಕೆಲಸ ಮಾಡುವ ಅರ್ಹತೆಯನ್ನು ಕೊಡಲಿ. ಅದಕ್ಕೆ ಕಾಯದೆಯಲ್ಲಿ ತಿದ್ದುಪಡಿ ಬೇಕಾದರೆ ಪಶುವೈದ್ಯ ಪರಿಷತ್ತಿನವರು ಅದನ್ನು ಮುಂದಿಡಲಿ. ಇದರಿಂದ ತಮ್ಮ ವೃತ್ತಿಗೆ ಕೊರತೆ ಬಂದೀತೆಂದು ಕೆಲವು ಪಶುವೈದ್ಯರು ಅಳುಕುವರೆಂದು ಕೇಳಿದ್ದೇವೆ. ಮನುಷ್ಯರ ಡಾಕ್ಟರಿಗೆ ಫಿಸಿಯೋಥೆರಪಿಸ್ಟನಿಂದ ರೋಗಿಗಳು ಕಡಿಮೆಯಾದದ್ದನ್ನು ನಾವು ಎಲ್ಲಿಯೂ ಕಂಡಿಲ್ಲ.

ಇವೆರಡಕ್ಕಿಂತ ಮುಖ್ಯವಾದದ್ದು ಮೂರನೆಯ ಮೆಟ್ಟಿಲು. ಪಶುಪಾಲನೆಯ ಡಿಪ್ಲೊಮಾ ಪಡೆದ ಸಹಾಯಕರು, ಹಳ್ಳಿಗಳಲ್ಲಿ ಕೆಲಸ ಮಾಡುವ ಪಶುಸಖಿಯರು, ಎತ್ತಿನ ಗೊರಸನ್ನು ಹುಟ್ಟಿನಿಂದ ಬಲ್ಲ ನಾಲಬಂದರು, ಇವರಿಗೆ ಕನ್ನಡದಲ್ಲಿ, ದನದ ಮುಂದೆ ನಿಲ್ಲಿಸಿ, ಕೆಲವು ವ್ಯವಹಾರೋಪಯೋಗಿ ಸಂಗತಿಗಳನ್ನು ಕಲಿಸಬೇಕು. ಬಿದ್ದ ದನದ ಮಗ್ಗುಲು ಬದಲಿಸುವದು, ಜೋಲಿ ಕಟ್ಟುವದು, ಹೆಗಲಿನ ಬಾವಿಗೆ ಯಾವಾಗ ತಂಪು ಯಾವಾಗ ಶಾಖ, ಯಾವ ಕುಂಟಿಗೆ ಕೈ ಹಚ್ಚದೆ ವೈದ್ಯನನ್ನು ಕರೆಯಬೇಕು ಎಂಬಿಷ್ಟು ಸಾಕು. ಸರಕಾರವು 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಮನೆಬಾಗಿಲಿಗೆ ಬರುವ ಪಶುಚಿಕಿತ್ಸಾ ವಾಹನಗಳನ್ನು ಬಿಟ್ಟಿದೆ, ಒಳ್ಳೆಯ ವ್ಯವಸ್ಥೆ. ವಾಹನವು ಔಷಧ ಕೊಟ್ಟು ಮುಂದಿನ ಹಳ್ಳಿಗೆ ಹೋಗಲೇಬೇಕು. ಹೋಗುವ ಮುನ್ನ ಅದರಿಂದ ಒಂದು ಹಾಳೆ ಕನ್ನಡದ ಸೂಚನೆಯಾದರೂ, ಒಂದು ಜೋಲಿಯಾದರೂ ಆ ಮನೆಯಲ್ಲಿ ಇಳಿಯುವಂತೆ ಮಾಡಲು ಇಲಾಖೆಯ ಅಧಿಕಾರಿಗಳಿಗೆ ಹೊಸ ಕಾಯದೆಯೇನೂ ಬೇಕಾಗದು. ಜೋಲಿಗಳನ್ನು ಗ್ರಾಮಪಂಚಾಯತಿಯಲ್ಲಿಯೇ ಇಟ್ಟರೂ ಆದೀತು.

ತರುಣನಿಗೆ ನಾವು ಹೀಗೆ ಬರೆದೆವು: ಹಣ ಕಟ್ಟಬೇಡ. ಎಮ್ಮೆಯನ್ನು ಮಾರಬೇಡ. ಪ್ರವೇಶಪರೀಕ್ಷೆಗೆ ಮತ್ತೊಮ್ಮೆ ಕುಳಿತು ಪಶುವೈದ್ಯ ಪದವಿಗೆ ಪ್ರಯತ್ನಿಸು. ಒಕ್ಕಲುಮಕ್ಕಳಿಗೆ ಅಲ್ಲಿ ಮೀಸಲು ಸ್ಥಾನಗಳುಂಟು, ಊರಿನ ದಾಖಲೆಪತ್ರಗಳನ್ನು ಈಗಲೇ ಸಿದ್ಧಮಾಡಿಕೋ. ಅದು ಕೈಗೂಡದಿದ್ದರೆ ಬೀದರದ ವಿಶ್ವವಿದ್ಯಾಲಯದ ಕೆಳಗಿರುವ ಪಾಲಿಟೆಕ್ನಿಕ್ಕುಗಳಲ್ಲಿ ಪಶುಪಾಲನೆಯ ಡಿಪ್ಲೊಮಾ ಇದೆ. ಅದರಿಂದ ವೈದ್ಯನ ಕೈಕೆಳಗೆ ನ್ಯಾಯವಾಗಿ ಕೆಲಸ ಮಾಡುವ ಅವಕಾಶ ಸಿಗುತ್ತದೆ. ಪದವಿ ದೊರೆತ ಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಅಭ್ಯಾಸ ಮಾಡಿ, ಕುಂಟುವ ದನಗಳನ್ನೇ ನಿನ್ನ ವಿಷಯವಾಗಿ ಆರಿಸಿಕೋ. ಹಾದಿ ಉದ್ದವಾದದ್ದು, ಏಳೆಂಟು ವರುಷ ಹಿಡಿಯುವದು. ನಿನ್ನ ಮನೆಯ ಆಕಳ ವಿಷಯದಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರವನ್ನು ನಾವು ಮುಚ್ಚುಮರೆಯಿಲ್ಲದೆ ಕೊಡುತ್ತೇವೆ: ಅದು ಬದುಕುವ ಸಂಭವವಿತ್ತು. ನಿಮ್ಮ ಮನೆಯವರಿಗೆ ತಿಳಿಸುವವರು ಇರಲಿಲ್ಲವಾದ್ದರಿಂದ ದೋಷವು ನಿಮ್ಮದಲ್ಲ.

ಮರುಟಪಾಲಿನಲ್ಲಿ ಅವನ ಉತ್ತರ ಬಂದಿದೆ. ಜಾಹೀರಾತಿನವರಿಗೆ ಇಲ್ಲವೆಂದು ಹೇಳಿದ್ದಾನಂತೆ. ಪರೀಕ್ಷೆಗೆ ಅರ್ಜಿ ಹಾಕಿದ್ದಾನಂತೆ. ದನದ ಮನೆಯ ಒಂದು ಮಗ್ಗುಲಿನ ಕಲ್ಲುಗಳನ್ನು ಕಿತ್ತು, ಎರಡು ಬಂಡಿ ಉಸುಕು ತರಿಸಿ ಹಾಕಿದ್ದಾರೆ. ಸತ್ತ ಆಕಳ ಕರು ಹೆಣ್ಣಂತೆ, ಬೇರೊಂದು ಆಕಳ ಹಾಲು ಕುಡಿದು ಬೆಳೆಯುತ್ತಿದೆ. ಈಗ ಆ ಉಸುಕಿನ ಮೇಲೆಯೇ ಮಲಗುತ್ತದೆ.